ಮೂರು ವರ್ಷ ಎಂದರೆ ಯಾವ ದಿನದಿಂದ?

2021ರ ಜುಲೈ 17, ಶನಿವಾರ. ಎನ್-400 ಅರ್ಜಿಯ ಪುಟಗಳನ್ನೆಲ್ಲ ತುಂಬಿ ಹಣ ಕಟ್ಟುವ ಪುಟಕ್ಕೆ ಬಂದಿದ್ದೆ. 725 ಡಾಲರ್. ಕಾರ್ಡಿನ ಸಂಖ್ಯೆ ಹಾಕಿ ಗುಂಡಿ ಒತ್ತಿದರೆ ಅಮೆರಿಕದ ಪೌರತ್ವಕ್ಕೆ ನನ್ನ ಅರ್ಜಿ ಸೇರಿದಂತೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ತುಂಬ ಹರಿಯಿತು. ಒರೆಸಿ, ಪಾತ್ರೆ ತೊಳೆದು, ಮತ್ತೆ ಬಂದು ಕುಳಿತವಳು ಅರ್ಜಿಯ ಮೊದಲ ಪುಟವನ್ನು ಇನ್ನೊಮ್ಮೆ ಓದಿದೆ. ಕಳೆದ ಮೂರು ವರ್ಷಗಳಿಂದ ಅಮೆರಿಕದ ಪ್ರಜೆಯೊಬ್ಬರನ್ನು ಮದುವೆಯಾಗಿ ಅವರ ಜೊತೆಯಲ್ಲೇ ಬಾಳುತ್ತಿದ್ದೇನೆ ಎಂಬರ್ಥದ ಸಾಲಿಗೆ ನಾನು ಗುರುತು ಹಾಕಿದ್ದೆ. ಮದುವೆಯಾಗಿ ಐದು ವರ್ಷ ದಾಟಿತ್ತು, ಅದು ಸರಿ. ಜೊತೆಯಲ್ಲಿ ಬಾಳಲು ತೊಡಗಿ ಎಷ್ಟಾಯಿತು? ಬೆರಳು ಮಡಿಸಿ ಎಣಿಸಿದೆ. ಎರಡು ವರ್ಷ, ಒಂಬತ್ತು ತಿಂಗಳು, ಮೂರು ದಿನ.

ಕಂಪ್ಯೂಟರ್ ಮುಚ್ಚಿಟ್ಟೆ. ಸಾಗರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಆರು ವರ್ಷ ಗಣಿತ ಹೇಳಿಕೊಟ್ಟವಳು ನಾನು. ಮೂರರ ಮಗ್ಗಿಯಲ್ಲಿ ಎಡವಿದ್ದೆ.

ಊರಿನಲ್ಲಿ ಈ ವಿಷಯಕ್ಕೆ ಲೆಕ್ಕವೇ ಇಲ್ಲ. ನಮ್ಮ ಮದುವೆಯ ಊಟದ ಪಂಕ್ತಿಯಲ್ಲೇ ದೊಡ್ಡಮ್ಮ, "ಇನ್ನೇನು, ನೀನು ಅಮೆರಿಕದವಳೇ ಆದೆಯಲ್ಲ" ಎಂದಿದ್ದರು. ತಾಳಿಯ ಜೊತೆಗೇ ಪಾಸ್‌ಪೋರ್ಟೂ ಬರುತ್ತದೆ ಎಂಬ ನಂಬಿಕೆ. ಹಾಗೆ ಬರುತ್ತಿದ್ದ ಕಾಲವೂ ಒಂದಿತ್ತು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. 1855ರ ಕಾಯ್ದೆಯ ಪ್ರಕಾರ ಅಮೆರಿಕದವನನ್ನು ಮದುವೆಯಾದ ಹೊರನಾಡಿನ ಹೆಣ್ಣು ಆ ಕ್ಷಣದಿಂದಲೇ ಅಮೆರಿಕದ ಪ್ರಜೆ. 1922ರಲ್ಲಿ ಕೇಬಲ್ ಕಾಯ್ದೆ ಬಂದ ಮೇಲೆ ಅದು ನಿಂತು, ಹೆಂಗಸು ತನ್ನ ಪೌರತ್ವಕ್ಕೆ ತಾನೇ ಅರ್ಜಿ ಹಾಕಬೇಕಾಯಿತು. ದೊಡ್ಡಮ್ಮನ ಮಾತು ಸುಮಾರು ನೂರು ವರ್ಷ ಹಳೆಯದು ಎಂದು ನಗಬಹುದಿತ್ತು. ಆದರೆ ಆ ಹಳೆಯ ಕಾಯ್ದೆಯೂ ನಮ್ಮಂಥವರಿಗೆ ಇರಲಿಲ್ಲ. ಪೌರತ್ವ ಪಡೆಯಲು ತಾನಾಗಿಯೇ ಅರ್ಹಳಾದವಳಿಗೆ ಮಾತ್ರ ಅದು ದಕ್ಕುತ್ತಿತ್ತು, ಮತ್ತು 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಅರ್ಹರೇ ಅಲ್ಲ ಎಂದುಬಿಟ್ಟಿತು. ಆ ಬಾಗಿಲು ತೆರೆದದ್ದು 1946ರಲ್ಲಿ, ಲೂಸ್-ಸೆಲರ್ ಕಾಯ್ದೆಯಿಂದ. ನಮ್ಮ ಅಜ್ಜ ಆಗ ಶರಾವತಿಯ ದಂಡೆಯಲ್ಲಿ ಅಡಿಕೆ ಸಸಿ ನೆಡುತ್ತಿದ್ದರು.

ನಮ್ಮ ಕಥೆಯನ್ನು ತಾರೀಖುಗಳ ಸಮೇತ ಹೇಳಬೇಕು, ಏಕೆಂದರೆ ಇಲ್ಲಿ ಎಲ್ಲವೂ ತಾರೀಖಿನ ಮೇಲೆ ನಿಂತಿದೆ. ನಾವು ಮದುವೆಯಾದದ್ದು 2016ರ ಫೆಬ್ರುವರಿಯಲ್ಲಿ. ಆಗ ನನ್ನ ಗಂಡನ ಬಳಿ ಇದ್ದದ್ದು ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ನೆಲೆಸಲು ಕೊಡುವ ಅನುಮತಿ, ಪೌರತ್ವವಲ್ಲ. ಉಪನೋಂದಣಾಧಿಕಾರಿ ಕಚೇರಿಯಿಂದ ಬಂದ ವಿವಾಹ ಪ್ರಮಾಣಪತ್ರದಲ್ಲಿ ನನ್ನ ತಂದೆಯ ಹೆಸರಿನ ಒಂದು ಅಕ್ಷರ ಪಾಸ್‌ಪೋರ್ಟಿಗೆ ಹೊಂದದೆ, ಅದನ್ನು ತಿದ್ದಿಸುವಷ್ಟರಲ್ಲಿ ಮಳೆಗಾಲ ಬಂತು. ಆಗಸ್ಟಿನಲ್ಲಿ ಅವರು ನನಗಾಗಿ ಐ-130, ಅಂದರೆ ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಜಿ, ಹಾಕಿದರು. ಗ್ರೀನ್ ಕಾರ್ಡಿನವರ ಹೆಂಡತಿಗೆ ವೀಸಾ ಸಿಗುವುದು ಸರದಿಯ ಮೇಲೆ. ಪ್ರಜೆಯ ಹೆಂಡತಿಗಾದರೆ ಸರದಿಯಿಲ್ಲ. 2018ರ ಫೆಬ್ರುವರಿಯಲ್ಲಿ ಅವರು ಪೌರತ್ವದ ಪ್ರಮಾಣವಚನ ತೆಗೆದುಕೊಂಡು, ಆ ಪ್ರಮಾಣಪತ್ರದ ಪ್ರತಿಯನ್ನು ಕಳುಹಿಸಿದ ಮೇಲೆ ನನ್ನ ಕಡತ ಈ ಸಾಲಿನಿಂದ ಆ ಸಾಲಿಗೆ ದಾಟಿತು. ಮುಂಬಯಿಯಲ್ಲಿ ವೈದ್ಯಕೀಯ ತಪಾಸಣೆ, ಅಲ್ಲಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಂದರ್ಶನ, ನಂತರ ವೀಸಾ. 2018ರ ಅಕ್ಟೋಬರ್ 14ರ ಭಾನುವಾರ, ನವರಾತ್ರಿಯ ನಡುವೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದೆ. ಮದುವೆಯಾದ ದಿನದಿಂದ ಈ ದಿನದವರೆಗೆ 32 ತಿಂಗಳು. ಅಷ್ಟರಲ್ಲಿ ಅವರು ಊರಿಗೆ ಬಂದದ್ದು ಮೂರು ಸಲ.

ಅಂಚೆಯಲ್ಲಿ ಗ್ರೀನ್ ಕಾರ್ಡ್ ಬಂದಾಗ ಅದರ ಮುಖದ ಮೇಲೆ, ಯಾವಾಗಿನಿಂದ ನಿವಾಸಿ ಎಂಬುದರ ಎದುರಿಗೆ, 10/14/18 ಎಂದಿತ್ತು. ತಿಂಗಳು ಮೊದಲು, ದಿನ ಆಮೇಲೆ. ಹದಿನಾಲ್ಕನೆಯ ತಿಂಗಳು ಯಾವುದಪ್ಪಾ ಎಂದು ಒಂದು ಗಳಿಗೆ ನೋಡಿದ್ದೆ. ಪೌರತ್ವದ ಲೆಕ್ಕ ಶುರುವಾಗುವುದು ಅಲ್ಲಿಂದ. ಎಚ್-1ಬಿ ಎಂಬ ಕೆಲಸದ ವೀಸಾ ಆಗಲಿ, ಅಂಥವರ ಸಂಗಾತಿಗೆ ಸಿಗುವ ಎಚ್-4 ಆಗಲಿ, ಹಿಂದೆ ಎಷ್ಟು ವರ್ಷ ಕಳೆದಿದ್ದರೂ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮ ಬೀದಿಯಲ್ಲೇ ಇರುವ ಒಬ್ಬರು ಹದಿಮೂರು ವರ್ಷ ವೀಸಾದ ಮೇಲಿದ್ದವರು, ಗ್ರೀನ್ ಕಾರ್ಡ್ ಬಂದ ದಿನ ಮತ್ತೆ ಸೊನ್ನೆಯಿಂದ ಎಣಿಸಲು ತೊಡಗಿದರು.

ಗ್ರೀನ್ ಕಾರ್ಡ್ ಇರುವ ಯಾರಿಗಾದರೂ ಐದು ವರ್ಷ. ಅಮೆರಿಕದ ಪ್ರಜೆಯ ಗಂಡನಿಗೆ ಅಥವಾ ಹೆಂಡತಿಗೆ ಮೂರು ವರ್ಷ. ಎಲ್ಲರಿಗೂ ಇಷ್ಟು ಗೊತ್ತು, ಬಹಳ ಮಂದಿ ಇಷ್ಟಕ್ಕೇ ನಿಲ್ಲುತ್ತಾರೆ. ನಾನೂ ನಿಂತಿದ್ದೆ. ಆದರೆ ಆ ಮೂರು ವರ್ಷ ಒಂದಲ್ಲ, ಮೂರು. ಗ್ರೀನ್ ಕಾರ್ಡ್ ಪಡೆದು ಮೂರು ವರ್ಷವಾಗಿರಬೇಕು. ಸಂಗಾತಿ ಅಮೆರಿಕದ ಪ್ರಜೆಯಾಗಿ ಮೂರು ವರ್ಷವಾಗಿರಬೇಕು. ಪ್ರಜೆಯಾದ ಆ ಸಂಗಾತಿಯನ್ನು ಮದುವೆಯಾಗಿ, ಒಂದೇ ಮನೆಯಲ್ಲಿ ದಂಪತಿಯಾಗಿ ಬಾಳಿ ಮೂರು ವರ್ಷವಾಗಿರಬೇಕು. ಈ ಮೂರೂ ಒಂದೇ ದಿನ ಶುರುವಾಗುವುದು ಅಪರೂಪ. ಯಾವುದು ಎಲ್ಲಕ್ಕಿಂತ ತಡವಾಗಿ ಶುರುವಾಯಿತೋ ಅದನ್ನು ಹಿಡಿದು ಎಣಿಸಬೇಕು.

ನನ್ನದನ್ನೇ ನೋಡಿ. ಗಂಡನ ಪೌರತ್ವಕ್ಕೆ ಮೂರು ತುಂಬುವುದು 2021ರ ಫೆಬ್ರುವರಿಯಲ್ಲಿ. ಗ್ರೀನ್ ಕಾರ್ಡಿಗೆ ಮೂರು ತುಂಬುವುದು 2021ರ ಅಕ್ಟೋಬರ್ 14ಕ್ಕೆ. ಮದುವೆ ಹಳೆಯದಾದರೂ ಒಂದೇ ಸೂರಿನಡಿ ಬಂದದ್ದು ನಾನು ವಿಮಾನ ಇಳಿದ ದಿನ, ಹಾಗಾಗಿ ಅದೂ ಅಕ್ಟೋಬರ್ 14. ಹಾಗಿದ್ದರೆ ಜುಲೈಯಲ್ಲಿ ಗುಂಡಿ ಒತ್ತಲು ಹೋದದ್ದೇಕೆ? ಮೂರು ವರ್ಷ ತುಂಬುವ 90 ದಿನ ಮೊದಲೇ ಅರ್ಜಿ ಹಾಕಬಹುದು ಎಂಬ ರಿಯಾಯಿತಿಯೊಂದಿದೆ. ಗಂಡ ತಮ್ಮ ಐದು ವರ್ಷದ ಲೆಕ್ಕದಲ್ಲಿ ಅದನ್ನು ಬಳಸಿದ್ದರು. "ಜುಲೈ 16ಕ್ಕೆ ನಿನಗೆ ಬಾಗಿಲು ತೆರೆಯುತ್ತದೆ, ಕಾಯುವುದೇಕೆ?" ಎಂದು ಅವರೇ ಹುರಿದುಂಬಿಸಿದ್ದು. ಅವರು ಪೌರತ್ವ ಪಡೆದದ್ದು ಕೆಲಸದ ಮೇಲೆ ಬಂದ ಗ್ರೀನ್ ಕಾರ್ಡಿನಿಂದ. ಮದುವೆಯ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ಸೋಮವಾರ ವಲಸೆ ವಕೀಲರೊಬ್ಬರನ್ನು ಅರ್ಧ ಗಂಟೆಗೆ ಹಿಡಿದೆ. ನಾನು ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಅದರ ಮೇಲೆ ಪೆನ್ನಿನಿಂದ ಎರಡು ಗೆರೆ ಎಳೆದರು. 90 ದಿನಗಳ ರಿಯಾಯಿತಿ ಗ್ರೀನ್ ಕಾರ್ಡಿನ ವಾಸದ ಅವಧಿಗೆ ಮಾತ್ರ ಸಂಬಂಧಿಸಿದ್ದು ಎಂದರು. ಜೊತೆಗೆ ಬಾಳಿದ ಮೂರು ವರ್ಷ, ಸಂಗಾತಿ ಪ್ರಜೆಯಾಗಿದ್ದ ಮೂರು ವರ್ಷ, ಈ ಎರಡೂ ಅರ್ಜಿ ಹಾಕುವ ದಿನಕ್ಕೇ ಪೂರ್ತಿಯಾಗಿರಲಿ. ಮೊದಲೇ ಹಾಕಿ, ಅರ್ಹತೆ ಇರಲಿಲ್ಲವೆಂದು ತಿರಸ್ಕರಿಸಿದರೆ ಕಟ್ಟಿದ ಹಣ ಹಿಂದೆ ಬರುವುದಿಲ್ಲ, ಮತ್ತೆ ಮೊದಲಿನಿಂದ. ಮೂರು ತಿಂಗಳು ಕಾಯುವುದಕ್ಕೆ ಕಾಸು ಬೇಕಿಲ್ಲವಲ್ಲ ಎಂದು ಅವರು ಅಂದಾಗ ನನಗೆ ಅಪ್ಪಯ್ಯನ ನೆನಪಾಯಿತು. ಅಡಿಕೆ ದರ ಏರುವವರೆಗೆ ಮೂಟೆಯನ್ನು ಮಂಡಿಗೆ ಹಾಕದೆ ಅಟ್ಟದ ಮೇಲೇ ಇಟ್ಟುಕೊಳ್ಳುವ ಅವರದೂ ಇದೇ ಮಾತು.

ಬೇಸರವಾಗಲಿಲ್ಲ ಎಂದರೆ ಸುಳ್ಳು. ವೀಸಾಕ್ಕಾಗಿ ಕಾದ 32 ತಿಂಗಳು ನಾವು ಬೇಕೆಂದು ದೂರ ಇದ್ದವರಲ್ಲ. ಆ ದೂರವನ್ನು ಮಾಡಿದ್ದೇ ಅಮೆರಿಕದವರ ವೀಸಾ ಸರದಿ. ಈಗ ಅದೇ ದೂರವನ್ನು ನಮ್ಮ ಲೆಕ್ಕದಿಂದ ಕಳೆಯುತ್ತಿದ್ದರು. ವಕೀಲರಿಗೆ ಹೀಗೆಂದೆ. ಅವರು ಗಡಿಯಾರ ನೋಡಿಕೊಂಡರು, ನನ್ನ ಅರ್ಧ ಗಂಟೆಯಲ್ಲಿ ನಾಲ್ಕು ನಿಮಿಷ ಉಳಿದಿತ್ತು.

ಆ ನಾಲ್ಕು ನಿಮಿಷದಲ್ಲಿ ಅವರು ಹೇಳಿದ್ದು ಇನ್ನಾರಿಗಾದರೂ ಬೇಕಾದೀತೆಂದು ಬರೆಯುತ್ತೇನೆ. ಮೂರು ವರ್ಷದ ಹಾದಿಯಲ್ಲಿ ಹೋಗುವವರ ಮದುವೆ ಪ್ರಮಾಣವಚನದ ದಿನದವರೆಗೂ ಉಳಿದಿರಬೇಕು. ನಡುವೆ ವಿಚ್ಛೇದನವಾದರೆ, ಅಥವಾ ಪ್ರಜೆಯಾದ ಸಂಗಾತಿ ತೀರಿಕೊಂಡರೆ, ಈ ಹಾದಿ ಮುಚ್ಚುತ್ತದೆ, ಐದು ವರ್ಷದ ಹಾದಿ ಮಾತ್ರ ಉಳಿಯುತ್ತದೆ. ಗ್ರೀನ್ ಕಾರ್ಡ್ ಅದರಿಂದ ಹೋಗುವುದಿಲ್ಲ. ಇನ್ನೊಂದು ಮಾತು ಹೊಡೆತ, ಹಿಂಸೆ ಸಹಿಸಿ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳದ್ದು. ಪ್ರಜೆಯಾದ ಗಂಡನ ಹಿಂಸೆಯ ಕಾರಣದಿಂದ, ಅದಕ್ಕೆಂದೇ ಇರುವ ಕಾನೂನಿನ ಕೆಳಗೆ ಗ್ರೀನ್ ಕಾರ್ಡ್ ಪಡೆದವರಿಗೆ ಮೂರು ವರ್ಷದ ನಿಯಮ ಅನ್ವಯಿಸುತ್ತದೆ, ಅವರು ಆ ಗಂಡನ ಜೊತೆ ಬಾಳುತ್ತಿರಬೇಕಾಗಿಲ್ಲ. ಪೌರತ್ವದ ಆಸೆಗೆ ಏಟು ತಿನ್ನುತ್ತಾ ದಿನ ಎಣಿಸುತ್ತಿರುವವರು ಯಾರಾದರೂ ಇದ್ದರೆ ಇದನ್ನು ತಿಳಿದಿರಲಿ.

ಗೆಳತಿಯೊಬ್ಬಳದು ಬೇರೆ ಥರದ ಗೊಂದಲ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗ್ರೀನ್ ಕಾರ್ಡ್ ಸಿಕ್ಕರೆ ಅದು ಷರತ್ತಿನ ಕಾರ್ಡ್, ಎರಡೇ ವರ್ಷದ್ದು. ಅದು ಮುಗಿಯುವ ಮುಂಚಿನ 90 ದಿನಗಳೊಳಗೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಐ-751 ಎಂಬ ಅರ್ಜಿ ಕೊಟ್ಟು ಷರತ್ತು ತೆಗೆಸಿಕೊಳ್ಳಬೇಕು. ಷರತ್ತು ತೆಗೆದ ದಿನದಿಂದ ತನ್ನ ಮೂರು ವರ್ಷ ಶುರು ಎಂದು ಅವಳು ಕಾಯುತ್ತಾ ಕುಳಿತಿದ್ದಳು. ಹಾಗಲ್ಲ, ಷರತ್ತಿನ ಎರಡು ವರ್ಷವೂ ಲೆಕ್ಕಕ್ಕೆ ಬರುತ್ತದೆ. ಐ-751 ಇನ್ನೂ ಇತ್ಯರ್ಥವಾಗದೆ ಬಿದ್ದಿದ್ದರೂ ಎನ್-400 ಹಾಕಬಹುದು, ಎರಡನ್ನೂ ಸೇರಿಸಿ ನೋಡುತ್ತಾರೆ. ಐ-751 ಒಪ್ಪಿಗೆಯಾಗದೆ ಪೌರತ್ವ ಮಾತ್ರ ಕೊಡುವುದಿಲ್ಲ, ಅಷ್ಟೇ. ಅವಳು ಸುಮ್ಮನೆ ಒಂದೂವರೆ ವರ್ಷ ಕಳೆದಿದ್ದಳು. ನನ್ನದು ಮದುವೆಯಾಗಿ ಎರಡು ವರ್ಷ ಕಳೆದ ಮೇಲೆ ಬಂದ ವೀಸಾ ಆದ್ದರಿಂದ ನೇರವಾಗಿ ಹತ್ತು ವರ್ಷದ ಕಾರ್ಡ್ ಸಿಕ್ಕಿತು. ಆ 32 ತಿಂಗಳಿನಿಂದ ಆದ ಒಂದೇ ಲಾಭ ಇದು.

ಇನ್ನೊಂದು ಜೋಡಿ ನಮ್ಮ ಪರಿಚಯದವರು. ಗಂಡನ ಕೆಲಸದಿಂದ ಇಬ್ಬರಿಗೂ ಒಂದೇ ದಿನ ಗ್ರೀನ್ ಕಾರ್ಡ್ ಬಂದಿತ್ತು. ಐದು ವರ್ಷಕ್ಕೆ ಗಂಡ ಪ್ರಜೆಯಾದರು. ಹೆಂಡತಿ ಅರ್ಜಿ ಹಾಕಿರಲಿಲ್ಲ, "ನನಗೆ ಮೂರೇ ವರ್ಷ ಸಾಕಲ್ಲ, ಇನ್ನು ಮೂರು ವರ್ಷ ಕಾಯುತ್ತೇನೆ" ಎಂದರು. ಅವರಿಗಾಗಲೇ ಐದು ಮುಗಿದಿದೆ, ಅಂದೇ ಹಾಕಬಹುದು ಎಂದು ತಿಳಿಸಿ ಹೇಳಲು ನನಗೆ ಒಂದು ಲೋಟ ಕಾಫಿ ಪೂರ್ತಿ ಬೇಕಾಯಿತು.

ಈಗ ನಾನು ಅಮೆರಿಕದ ಹೊರಗೆ ಕಳೆದ 167 ದಿನಗಳ ವಿಷಯಕ್ಕೆ ಬರುತ್ತೇನೆ. ನಿದ್ದೆ ಕೆಡಿಸಿದ್ದು ಅದೇ.

2020ರ ಫೆಬ್ರುವರಿ 20, ಶಿವರಾತ್ರಿಯ ಹಿಂದಿನ ದಿನ, ನಾನು ಊರಿಗೆ ಹೊರಟೆ. ಶಿವಮೊಗ್ಗದಲ್ಲಿ ಅಪ್ಪಯ್ಯನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಐದು ವಾರದ ರಜೆ, ಮಾರ್ಚ್ 28ಕ್ಕೆ ವಾಪಸ್ ಟಿಕೆಟ್. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ ಬಂತು, ಅಂತರರಾಷ್ಟ್ರೀಯ ವಿಮಾನಗಳು ನಿಂತವು, 25ರಿಂದ ದೇಶವೇ ಮುಚ್ಚಿತು. ಮೊದಲ ತಿಂಗಳು ಹಾಯಾಗಿತ್ತು, ಹಲಸಿನ ಹಪ್ಪಳ ಮಾಡಿದೆವು. ಮೇ ತಿಂಗಳಿಗೆ ನನ್ನ ಗಂಡ ಫೋನಿನಲ್ಲಿ, "ಆರು ತಿಂಗಳು ದಾಟಬಾರದು, ನೆನಪಿದೆಯಲ್ಲ?" ಎಂದರು. ನೆನಪಿರಲಿಲ್ಲ. ಗ್ರೀನ್ ಕಾರ್ಡಿನವರು ಒಂದೇ ಪ್ರಯಾಣದಲ್ಲಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ, ಪೌರತ್ವಕ್ಕೆ ಬೇಕಾದ ಅವರ ನಿರಂತರ ವಾಸ ಮುರಿಯಿತೆಂದೇ ಭಾವಿಸುತ್ತಾರೆ. ಮುರಿಯಲಿಲ್ಲವೆಂದು ತೋರಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ವರ್ಷ ದಾಟಿದರೆ ವಾದಕ್ಕೇ ಜಾಗವಿಲ್ಲ, ಪೌರತ್ವದ ಎಣಿಕೆ ಕೆಟ್ಟೇಹೋಯಿತು.

ನಮ್ಮ ಮನೆಯ ಗೋಡೆಯಲ್ಲಿ ಅಡಿಕೆ ಮಂಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಅದರಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದಳು, ಅಪ್ಪಯ್ಯ ತೋಟಕ್ಕೆ ಔಷಧಿ ಹೊಡೆದ ದಿನಕ್ಕೆ ಸುತ್ತು ಹಾಕುತ್ತಿದ್ದರು. ನಾನು ಆಗಸ್ಟ್ ತಿಂಗಳ ಹಾಳೆ ತಿರುವಿ 18ನೇ ತಾರೀಖಿಗೆ ಕೆಂಪು ಗೆರೆ ಎಳೆದೆ. ಅದು 180ನೆಯ ದಿನ. ಜೂನ್ ಬಂತು, ಮಳೆ ಹಿಡಿಯಿತು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು, ಮರ ಹತ್ತುವ ಕೊನೆಗೌಡರು ಸಿಗುವುದಿಲ್ಲ, ಸಿಕ್ಕರೂ ಜೊತೆಯಾಳು ಸಿಗುವುದಿಲ್ಲ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಿ, ಇನ್ನೊಂದರಲ್ಲಿ ಸುಣ್ಣದ ತಿಳಿ ಮಾಡಿ, ಎರಡನ್ನೂ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದಿ, ತುಕ್ಕಿನ ಬಣ್ಣ ಬರುತ್ತದೆಯೇ ಎಂದು ನೋಡುವುದನ್ನು ಅಪ್ಪಯ್ಯ ಕಲಿಸಿದರು. ಬಣ್ಣ ಬಂದರೆ ಸುಣ್ಣ ಸಾಲದು. ಬೆರಳುಗಳ ಸಂದಿಯೆಲ್ಲ ನೀಲಿ. ಆ ನೀಲಿ ಕೈಯಲ್ಲೇ ರಾತ್ರಿ ಕುಳಿತು ವಿಮಾನದ ಟಿಕೆಟ್ ಹುಡುಕುತ್ತಿದ್ದೆ. ಜುಲೈ ನಡುವಿನಲ್ಲಿ ಎರಡು ದೇಶಗಳ ನಡುವೆ ವಿಶೇಷ ಒಪ್ಪಂದದ ವಿಮಾನಗಳು ಶುರುವಾದವು, ಬೆಂಗಳೂರು ಆಗ ಮತ್ತೆ ಒಂದು ವಾರ ಲಾಕ್‌ಡೌನ್ ಆಯಿತು. ಅಂತೂ ದೆಹಲಿಯ ಮೂಲಕ ಟಿಕೆಟ್ ಸಿಕ್ಕಿ ಆಗಸ್ಟ್ 5ರಂದು ಸ್ಯಾನ್ ಫ್ರಾನ್ಸಿಸ್ಕೋ ತಲುಪಿದೆ. ಕೆಂಪು ಗೆರೆಗೆ ಇನ್ನೂ ಹದಿಮೂರು ದಿನವಿತ್ತು.

ಅರ್ಜಿಯಲ್ಲಿ ಹೊರದೇಶದ ಪ್ರತಿಯೊಂದು ಪ್ರಯಾಣವನ್ನೂ ಹೋದ ದಿನ, ಬಂದ ದಿನ ಸಮೇತ ಬರೆಯಬೇಕು. ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ಬರೆಯುವುದೇ ಸರಿ, ನೆನಪನ್ನು ನಂಬಬೇಡಿ. 2019ರ ಮೇ ತಿಂಗಳಲ್ಲಿ ತಂಗಿಯ ಮದುವೆಗೆ ಹೋದದ್ದು ಹದಿನೆಂಟು ದಿನ ಎಂದುಕೊಂಡಿದ್ದೆ, ಮುದ್ರೆಗಳ ಪ್ರಕಾರ 24. ಎರಡೂ ಸೇರಿ 191 ದಿನ. ಮೂರು ವರ್ಷದ 1,096 ದಿನಗಳಲ್ಲಿ ಅದನ್ನು ಕಳೆದರೆ 905. ನಿಯಮ ಕೇಳುವುದು ಕನಿಷ್ಠ ಹದಿನೆಂಟು ತಿಂಗಳು ದೇಶದೊಳಗಿರಬೇಕೆಂದು, ಅಂದರೆ 548 ದಿನ. ಇದರಲ್ಲಿ ನನಗೆ ಚಿಂತೆಯಿರಲಿಲ್ಲ. ಅರ್ಜಿ ಹಾಕುವ ಮೊದಲು ಮೂರು ತಿಂಗಳು ಅದೇ ರಾಜ್ಯದಲ್ಲಿ ಅಥವಾ ಆ ಕಚೇರಿಯ ವ್ಯಾಪ್ತಿಯಲ್ಲಿ ವಾಸವಿರಬೇಕೆಂಬುದೂ ಇದೆ. ನಾವು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟಿನ ಅದೇ ಬಾಡಿಗೆ ಮನೆಯಲ್ಲೇ ಇದ್ದೆವು.

ಕಾಗದ ಕೂಡಿಸಲು ಆ ಮೂರು ತಿಂಗಳು ಒದಗಿತು. ಮೂರು ವರ್ಷದ ಮದುವೆಯ ಹಾದಿಯಲ್ಲಿ ಐದು ವರ್ಷದವರಿಗಿಂತ ಕಾಗದ ಹೆಚ್ಚು, ಏಕೆಂದರೆ ಜೊತೆಯಲ್ಲಿ ಬಾಳಿದ್ದೇವೆ ಎಂಬುದಕ್ಕೇ ಸಾಕ್ಷಿ ಬೇಕು. ಗಂಡನ ಪೌರತ್ವದ ಪ್ರಮಾಣಪತ್ರ, ನಮ್ಮ ವಿವಾಹ ಪ್ರಮಾಣಪತ್ರ, ಮೂರು ವರ್ಷ ಇಬ್ಬರೂ ಒಟ್ಟಿಗೆ ಸಲ್ಲಿಸಿದ ಆದಾಯ ತೆರಿಗೆಯ ದಾಖಲೆ, ಇಬ್ಬರ ಹೆಸರಿನ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಕಾರಿನ ವಿಮೆ. ಬಂದ ಹೊಸತರಲ್ಲಿ ಕರೆಂಟು, ನೀರು, ಬ್ಯಾಂಕು ಎಲ್ಲವೂ ಗಂಡನ ಹೆಸರಿನಲ್ಲೇ ಇತ್ತು. ನಾನು ಸಂಕೋಚಕ್ಕೆ ಕೇಳಿರಲಿಲ್ಲ, ಅವರಿಗೆ ತೋಚಿರಲಿಲ್ಲ. ಗ್ರೀನ್ ಕಾರ್ಡ್ ಬಂದ ವಾರವೇ ನಿಮ್ಮ ಹೆಸರನ್ನು ಎಲ್ಲದಕ್ಕೂ ಸೇರಿಸಿಕೊಳ್ಳಿ. ಪೌರತ್ವದ ಮಾತು ಬಿಡಿ, ನಾಳೆ ಏನಾದರೂ ಆದರೆ ಮನೆಯ ದೀಪ ಯಾರ ಹೆಸರಿನಲ್ಲಿ ಉರಿಯುತ್ತಿದೆ ಎಂಬುದು ಹೆಂಗಸರಿಗೆ ಗೊತ್ತಿರಬೇಕು.

ಅಕ್ಟೋಬರ್ 14 ಗುರುವಾರ ಮೂರು ವರ್ಷ ತುಂಬಿತು. ಅಂದೇ ಹಾಕುವುದಾಗಿ ಅಮ್ಮನಿಗೆ ಹೇಳಿದರೆ, "ಇಷ್ಟು ದಿನ ಕಾದಿದ್ದೀಯಾ, ನಾಳೆ ವಿಜಯದಶಮಿ, ಒಂದು ದಿನ ತಡೆಯಲಾಗುವುದಿಲ್ಲವೇ?" ಎಂದಳು. ವಕೀಲರ ಮಾತು ಕೇಳಿದವಳು ಅಮ್ಮನ ಮಾತು ಮೀರುವುದೆಂತು? 15ರಂದು ಬೆಳಿಗ್ಗೆ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ ಗುಂಡಿ ಒತ್ತಿದೆ. ಈಗ ಈ ಶುಲ್ಕ ಆನ್‌ಲೈನಿನಲ್ಲಿ 710 ಡಾಲರ್, ಕಾಗದದ ಅರ್ಜಿಗೆ 760.

ಬೆರಳಚ್ಚಿಗೆ ಕರೆಯಲಿಲ್ಲ, ಹಳೆಯದನ್ನೇ ಬಳಸುತ್ತೇವೆಂದು ಕಾಗದ ಬಂತು. ನಂತರ ಎಂಟು ತಿಂಗಳು ಏನೂ ಇಲ್ಲ. ಆ ಎಂಟು ತಿಂಗಳು ನೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿದೆ. ಆಗಿನ ಪರೀಕ್ಷೆಯಲ್ಲಿ ನೂರರಿಂದ ಹತ್ತು ಕೇಳಿ, ಆರಕ್ಕೆ ಸರಿಯುತ್ತರ ಬಂದರೆ ಸಾಕಿತ್ತು. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿ, ಅದರಿಂದ ಇಪ್ಪತ್ತು, ಹನ್ನೆರಡು ಸರಿಯಾಗಬೇಕು. ಅಮೆರಿಕದ ಎರಡು ಅತಿ ಉದ್ದದ ನದಿಗಳಲ್ಲಿ ಒಂದನ್ನು ಹೆಸರಿಸಿ ಎಂಬುದಿತ್ತು. ಮಿಸೌರಿ, ಮಿಸಿಸಿಪ್ಪಿ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅಜ್ಜನ ತೋಟ ಮುಳುಗಿದ ಮನೆಯವಳು ನಾನು. ನದಿ ಎಂದ ಕೂಡಲೇ ಬಾಯಿಗೆ ಶರಾವತಿಯೇ ಬರುತ್ತಿತ್ತು.

ಸಂದರ್ಶನ 2022ರ ಜೂನ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬಾರ್ಟ್ ರೈಲಿನಲ್ಲಿ ಇಬ್ಬರೂ ಹೋದೆವು. ಗಂಡನನ್ನು ಒಳಗೆ ಕರೆಯಲಿಲ್ಲ, ಅವರು ಹೊರಗೆ ಕುಳಿತು ನನಗಿಂತ ಹೆಚ್ಚು ಬೆವರಿದರು. ಅಧಿಕಾರಿ ಮಧ್ಯವಯಸ್ಸಿನ ಹೆಂಗಸು. ಸತ್ಯವನ್ನೇ ಹೇಳುತ್ತೇನೆಂದು ಕೈಯೆತ್ತಿಸಿದರು, ಪರದೆಯ ಮೇಲಿನ ಒಂದು ಇಂಗ್ಲಿಷ್ ವಾಕ್ಯ ಓದಿಸಿದರು, ಒಂದನ್ನು ಬರೆಸಿದರು. ಪ್ರಶ್ನೆಗಳಲ್ಲಿ ಮೊದಲ ಆರಕ್ಕೂ ಸರಿಯುತ್ತರ ಬಂದಾಗ ಅಲ್ಲಿಗೇ ನಿಲ್ಲಿಸಿದರು. ನಾನು ಏಳನೆಯದಕ್ಕೆ ಬಾಯಿ ತೆರೆದು ಕುಳಿತಿದ್ದೆ. ನೂರು ಕಲಿತು ಆರಕ್ಕೇ ಮುಗಿಯಿತಲ್ಲ ಎಂದು ಒಳಗೊಳಗೇ ನಿರಾಸೆ. ಮಕ್ಕಳಿಗೆ ಪರೀಕ್ಷೆ ಕೊಟ್ಟವರಿಗೆ ಇದು ಅರ್ಥವಾದೀತು.

ಆಮೇಲೆ ಪ್ರಯಾಣಗಳ ಪುಟಕ್ಕೆ ಬಂದರು. 167ರ ಮೇಲೆ ಪೆನ್ನು ನಿಂತಿತು. ಆರು ತಿಂಗಳೊಳಗೇ ಇದ್ದರೂ ಕೇಳುವ ಹಕ್ಕು ಅವರಿಗಿದೆ. ರದ್ದಾದ ಮಾರ್ಚ್ 28ರ ಟಿಕೆಟ್, ವಿಮಾನ ಸಂಸ್ಥೆಯ ಪತ್ರ, ಆಸ್ಪತ್ರೆಯ ಬಿಡುಗಡೆ ಚೀಟಿ, ಆ ಅವಧಿಯಲ್ಲೂ ಫ್ರೀಮಾಂಟಿನ ಮನೆಗೆ ಕಟ್ಟಿದ ಬಾಡಿಗೆಯ ದಾಖಲೆ, ಇವನ್ನೆಲ್ಲ ಒಂದು ದಾರದಲ್ಲಿ ಕಟ್ಟಿಕೊಂಡು ಹೋಗಿದ್ದೆ. "ಆ ಆರು ತಿಂಗಳು ನೀವಿಬ್ಬರೂ ಬೇರೆಯಾಗಿದ್ದಿರಾ?" ಎಂದು ಕೇಳಿದರು. ಬೇರೆಯಾಗಿರಲಿಲ್ಲ, ಸಿಕ್ಕಿಹಾಕಿಕೊಂಡಿದ್ದೆ ಎಂದೆ. ಏನು ಮಾಡುತ್ತಿದ್ದಿರಿ ಎಂದರು. ಅಡಿಕೆಗೆ ಔಷಧಿ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತೋಚದೆ, ಫೋನಿನಲ್ಲಿದ್ದ ಚಿತ್ರ ತೋರಿಸಲೇ ಎಂದು ಕೇಳಿದೆ. ನೀಲಿ ಡ್ರಮ್ಮು, ನೀಲಿ ಕೈ, ಹಿಂದೆ ಕೊಪ್ಪೆ ಹಾಕಿಕೊಂಡ ಅಪ್ಪಯ್ಯ. ನಕ್ಕರು, ಕಾಗದಗಳಲ್ಲಿ ಎರಡನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸಿದರು.

ಪ್ರಮಾಣವಚನ ಜುಲೈಯಲ್ಲಿ. ಸಭಾಂಗಣದ ಬಾಗಿಲಲ್ಲಿ ಎನ್-445 ಎಂಬ ಕಾಗದವನ್ನು ತುಂಬಿಸಿಕೊಳ್ಳುತ್ತಾರೆ: ಸಂದರ್ಶನವಾದ ಮೇಲೆ ಹೊರದೇಶಕ್ಕೆ ಹೋಗಿದ್ದೀರಾ, ಮದುವೆ ಅಥವಾ ವಿಚ್ಛೇದನವಾಯಿತೇ ಎಂದೆಲ್ಲ. ಗ್ರೀನ್ ಕಾರ್ಡನ್ನು ಅಲ್ಲೇ ವಾಪಸ್ ಕೊಡಬೇಕು. 10/14/18 ಎಂದು ಬರೆದ ಆ ಕಾರ್ಡನ್ನು ಒಬ್ಬಾತ ತೆಗೆದುಕೊಂಡು, ಇನ್ನೂ ನೂರು ಕಾರ್ಡುಗಳಿದ್ದ ಡಬ್ಬಕ್ಕೆ ಹಾಕಿದ. ಚಿತ್ರ ತೆಗೆದಿಟ್ಟುಕೊಂಡಿರಲಿಲ್ಲ ಎಂದು ಆಗ ಹೊಳೆಯಿತು.

ಆ ಕ್ಷಣದಲ್ಲಿ ಇನ್ನೊಂದು ಕಡೆಯದೂ ಮುಗಿಯಿತು. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಬೇರೆ ದೇಶದ ಪೌರತ್ವವನ್ನು ತಾನಾಗಿ ಪಡೆದ ಭಾರತೀಯರು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ, ಅದಕ್ಕೆ ಬೇರೆ ಅರ್ಜಿ ಬೇಕಿಲ್ಲ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ, ರದ್ದುಮಾಡಿಸಿ, ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕು. ಅದಿಲ್ಲದೆ, ಭಾರತ ಮೂಲದ ಹೊರದೇಶದ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಓಸಿಐ ಕಾರ್ಡ್ ಸಿಗುವುದಿಲ್ಲ. ಊರಿಗೆ ಹೋಗುವ ತುರ್ತಿದ್ದರೂ ಹಳೆಯ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡಬೇಡಿ, ದಂಡ ಬೀಳುತ್ತದೆ. ನಾನು ಮೊದಲು ಅಮೆರಿಕದ ಪಾಸ್‌ಪೋರ್ಟ್, ನಂತರ ಒಪ್ಪಿಸುವಿಕೆ, ನಂತರ ಓಸಿಐ ಎಂಬ ಕ್ರಮದಲ್ಲಿ ಮಾಡಿಸಿದೆ. ಮೂರೂ ಕೈಸೇರುವವರೆಗೆ ಊರಿಗೆ ಟಿಕೆಟ್ ತೆಗೆದಿಡಲಿಲ್ಲ.

ಅಪ್ಪಯ್ಯ ಪೌರತ್ವದ ಬಗ್ಗೆ ಮೂರು ವರ್ಷವೂ ಒಂದು ಮಾತು ಕೇಳಿರಲಿಲ್ಲ. ಓಸಿಐ ಬಂದಿದೆ ಎಂದು ಹೇಳಿದ ದಿನ, "ಕೂಸೇ, ತೋಟದ ಕಥೆ ಏನು?" ಎಂದರು. ವಿಚಾರಿಸಿಟ್ಟುಕೊಂಡಿದ್ದೆ. ಓಸಿಐ ಇರುವವರು ಕೃಷಿ ಭೂಮಿಯನ್ನೂ ತೋಟವನ್ನೂ ಕೊಳ್ಳುವಂತಿಲ್ಲ, ದಾನಪತ್ರದ ಮೂಲಕವೂ ಪಡೆಯುವಂತಿಲ್ಲ, ಆದರೆ ವಾರಸುದಾರಿಕೆಯಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ನಾನು ಇರುವಾಗ ಕೊಡುವ ಹಾಗಿಲ್ಲ, ಹೋದ ಮೇಲೆ ಬರುತ್ತದೆ. ಒಳ್ಳೆಯದೇ ಆಯಿತು, ಅಲ್ಲಿಯವರೆಗೆ ನಾನೇ ನೋಡಿಕೊಳ್ಳುತ್ತೇನೆ" ಎಂದರು.

2023ರ ಮೇ 10ರಂದು ವಿಧಾನಸಭಾ ಚುನಾವಣೆಯಿತ್ತು. ಅದಕ್ಕೆ ಮುಂಚೆಯೇ ಮತದಾರರ ಪಟ್ಟಿಯಿಂದ ನನ್ನ ಹೆಸರು ತೆಗೆಸಲು ಅಪ್ಪಯ್ಯನಿಗೆ ಹೇಳಿದ್ದೆ, ಅವರು ನಮೂನೆ 7 ಕೊಟ್ಟು ಬಂದಿದ್ದರು. ನಾನು ಗಣಿತ ಹೇಳಿಕೊಟ್ಟ ಶಾಲೆಯೇ ನಮ್ಮ ಮತಗಟ್ಟೆ. ಮತ ಹಾಕಿ ಬಂದ ಸಂಜೆ ಫೋನ್ ಮಾಡಿ, ಪಟ್ಟಿಯಲ್ಲಿ ತಮ್ಮ ಹೆಸರಾದ ಮೇಲೆ ಅಮ್ಮನದು, ಅಮ್ಮನದಾದ ಮೇಲೆ ನೇರವಾಗಿ ಪಕ್ಕದ ಮನೆಯವರದು ಬಂತು ಎಂದರು.